ಹವಳದ ತೊಟ್ಟಿಗೆ ಯಾವ ಮರಳು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಉಪ್ಪುನೀರಿನ ಮೀನುಗಳನ್ನೂ ಮುಂದೆ ಕೆಲವು ಹವಳಗಳನ್ನೂ ಸಾಕಬೇಕೆಂದಿದ್ದೇನೆ. ಅರಗೊನೈಟ್ ಮರಳನ್ನೇ ಹಾಕಬೇಕು, ಅದಿದ್ದರೆ ನೀರಿನ ಕ್ಷಾರತೆಯ ಚಿಂತೆಯೇ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಅದರ ಬೆಲೆ ಹೆಚ್ಚು. ಮನೆ ಕಟ್ಟಿಸಿದಾಗ ಕಂಪ್ಲಿ ಕಡೆಯಿಂದ ತರಿಸಿದ ಹೊಳೆಯ ಉಸುಕು ನಮ್ಮಲ್ಲಿ ಉಳಿದಿದೆ. ಅದನ್ನು ತೊಳೆದು ಬಳಸಬಹುದೇ? ಎಷ್ಟು ದಪ್ಪ ಹಾಸಬೇಕು?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಅರಗೊನೈಟ್ ಮರಳನ್ನೇ ಕೊಳ್ಳಿರಿ, ಆದರೆ ಅಂಗಡಿಯವರು ಹೇಳಿದ ಕಾರಣಕ್ಕಲ್ಲ. ಅರಗೊನೈಟ್ ಎಂಬುದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ. ಗಟ್ಟಿ ಹವಳಗಳು ತಮ್ಮ ಅಸ್ಥಿಯನ್ನು ಕಟ್ಟಿಕೊಳ್ಳುವುದೂ ಇದರಿಂದಲೇ. ಆದರೆ ಹವಳದ ತೊಟ್ಟಿಯ ನೀರಿನ ಪಿಎಚ್ ಸಾಮಾನ್ಯವಾಗಿ 7.8ರಿಂದ 8.4ರವರೆಗೆ ಇರುತ್ತದೆ, ಅಂತಹ ನೀರಿನಲ್ಲಿ ಈ ಖನಿಜವು ಕರಗುವುದು ತೀರಾ ಅಲ್ಪ. ಮರಳಿನ ಆಳದಲ್ಲಿ, ಕೊಳೆಯುವ ಪದಾರ್ಥದಿಂದ ಪಿಎಚ್ ಇಳಿದಿರುವ ಕಡೆ ಸ್ವಲ್ಪ ಕರಗೀತು. ಬೆಳೆಯುವ ಹವಳಗಳು ಹೀರಿಕೊಳ್ಳುವ ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು, ಅಂದರೆ ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟುಗಳನ್ನು, ಅಷ್ಟರಿಂದ ತುಂಬಿಕೊಡಲಾಗದು. ಆದ್ದರಿಂದ ಪರೀಕ್ಷಾ ಕಿಟ್ ಇಟ್ಟುಕೊಂಡು ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳುವ ಕೆಲಸ ನಿಮಗೆ ತಪ್ಪುವುದಿಲ್ಲ. ಅರಗೊನೈಟನ್ನು ಆರಿಸಬೇಕಾದದ್ದು ಅದು ಶುದ್ಧವಾಗಿರುತ್ತದೆ, ಕಣಗಳ ಗಾತ್ರ ತಿಳಿದಿರುತ್ತದೆ, ಸಮುದ್ರಜೀವಿಗಳಿಗೆ ಹಾನಿಕರವಾದದ್ದನ್ನು ನೀರಿಗೆ ಬಿಡುವುದಿಲ್ಲ ಎಂಬ ಕಾರಣಗಳಿಗಾಗಿ.

ಹೊಳೆಯ ಉಸುಕಿನ ವಿಚಾರದಲ್ಲಿ ನ್ಯಾಯವಾಗಿ ಹೇಳಬೇಕೆಂದರೆ, ಅದರಲ್ಲಿರುವ ಬೆಣಚುಕಲ್ಲಿನ ಕಣಗಳು ವಿಷವಲ್ಲ; ಅವು ಉಪ್ಪುನೀರಿನಲ್ಲಿ ಬಹುಮಟ್ಟಿಗೆ ಸುಮ್ಮನೆ ಬಿದ್ದಿರುತ್ತವೆ. ನನ್ನ ಆಕ್ಷೇಪಣೆ ಅವುಗಳ ಜೊತೆಯಲ್ಲಿ ಬರುವ ವಸ್ತುಗಳ ಬಗ್ಗೆ. ತುಂಗಭದ್ರೆಯ ಎರಡೂ ದಡಗಳಲ್ಲಿ ಭತ್ತದ ಗದ್ದೆಗಳಿವೆ. ಬೆಳೆಗಳಿಗೆ ಸಿಂಪಡಿಸುವ ಕೆಲವು ಶಿಲೀಂಧ್ರನಾಶಕಗಳಲ್ಲಿ ತಾಮ್ರವಿರುತ್ತದೆ, ಮತ್ತು ಮೀನುಗಳು ತಡೆದುಕೊಳ್ಳುವಷ್ಟು ತಾಮ್ರವೂ ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲಬಲ್ಲದು. ನಿಮ್ಮಲ್ಲಿರುವುದು ಮನೆ ಕಟ್ಟಿದ ಮೇಲೆ ಉಳಿದ ಉಸುಕಾದ್ದರಿಂದ ಸಿಮೆಂಟು, ಸುಣ್ಣ, ಬಣ್ಣದ ಹನಿಗಳು ಬೆರೆತಿರುವ ಸಾಧ್ಯತೆಯೂ ಇದೆ. ಕಬ್ಬಿಣದ ಚೂರುಗಳಿದ್ದರೆ ಅಯಸ್ಕಾಂತ ಆಡಿಸಿ ತೆಗೆಯಬಹುದೆಂದು ಕೆಲವರು ಭಾವಿಸುತ್ತಾರೆ. ಆದರೆ ಉಸುಕಿನಲ್ಲಿ ಬೆರೆತಿರಬಹುದಾದ ನಮ್ಮ ಸಂಡೂರು ಸೀಮೆಯ ಕಬ್ಬಿಣದ ಅದಿರು ಬಹುಪಾಲು ಹೆಮಟೈಟ್, ಅದನ್ನು ಸಾಮಾನ್ಯ ಅಯಸ್ಕಾಂತ ಎತ್ತುವುದಿಲ್ಲ. ಎಷ್ಟು ತೊಳೆದರೂ ಇಷ್ಟೆಲ್ಲವೂ ಹೋಯಿತೆಂದು ಖಚಿತಪಡಿಸಿಕೊಳ್ಳುವ ದಾರಿ ಮನೆಯಲ್ಲಿ ಇಲ್ಲ. ಎಂ-ಸ್ಯಾಂಡ್ ಅಂತೂ ಬೇಡವೇ ಬೇಡ. ಜಲ್ಲಿಯನ್ನು ಅರೆದು ಮಾಡಿದ ಅದರ ಚೂಪು ಅಂಚುಗಳು ಮರಳನ್ನು ಬಾಯಲ್ಲಿ ತುಂಬಿ ಸೋಸುವ ಗೋಬಿ ಮೀನುಗಳಿಗೂ ಮರಳಿನಲ್ಲಿ ಹುದುಗಿ ಮಲಗುವ ರಾಸ್ ಮೀನುಗಳಿಗೂ ಗಾಯ ಮಾಡುತ್ತವೆ. ಕಡಲತೀರಕ್ಕೆ ಹೋದಾಗ ಹವಳದ ಚೂರುಗಳನ್ನು ಆರಿಸಿ ತರುವ ಯೋಚನೆಯೂ ಬೇಡ: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ.

ಕೊಳ್ಳುವಾಗ ಚೀಲದ ಮೇಲಿನ ಹೆಸರಿಗಿಂತ ಕಣದ ಗಾತ್ರವನ್ನು ನೋಡಿರಿ. ಸಕ್ಕರೆಗಿಂತ ನುಣುಪಾದ ಮರಳು ನೋಡಲು ಚೆಂದ, ಆದರೆ ಹವಳಗಳಿಗೆ ಬೇಕಾದ ರಭಸದ ನೀರಿನ ಹರಿವಿಗೆ ಸಿಕ್ಕಿ ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ, ಹವಳಗಳ ಮೇಲೂ ಕೂರುತ್ತದೆ. ಮೂರು ಮಿಲಿಮೀಟರ್ ಮೀರಿದ ಚೂರುಗಳ ಸಂದುಗಳಲ್ಲಿ ಮೀನಿನ ಹೊಲಸೂ ಉಳಿದ ಆಹಾರವೂ ಇಳಿದು ಕೊಳೆಯುತ್ತವೆ. ಒಂದರಿಂದ ಎರಡು ಮಿಲಿಮೀಟರಿನ ಕಣವು ನಿಮ್ಮಂತಹ ತೊಟ್ಟಿಗೆ ಸರಿಯಾದದ್ದು. ಚೀಲದ ಮಾಲು ನಿಜವಾಗಿಯೂ ಕಾರ್ಬೊನೇಟೇ ಎಂಬ ಅನುಮಾನವಿದ್ದರೆ ಒಂದು ಚಿಟಿಕೆಯ ಮೇಲೆ ವಿನೆಗರ್ ಹನಿಸಿರಿ: ಗುಳ್ಳೆ ಏಳಬೇಕು, ಬೆಣಚು ಮರಳಿನಲ್ಲಿ ಏಳುವುದಿಲ್ಲ.

ದಪ್ಪ ನಾಲ್ಕು ಸೆಂಟಿಮೀಟರ್ ಇರಲಿ. ನಿಮ್ಮ ಅಳತೆಗೆ ಅದು ಸುಮಾರು 22 ಲೀಟರ್ ಮರಳು, ತೂಕದಲ್ಲಿ 30 ಕಿಲೋಗಿಂತ ಸ್ವಲ್ಪ ಹೆಚ್ಚು. ಕಲ್ಲುಗಳನ್ನು ಮೊದಲು ತೊಟ್ಟಿಯ ತಳದ ಮೇಲೆಯೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿರಿ. ಮರಳಿನ ಮೇಲೆ ಇಟ್ಟ ಕಲ್ಲಿನ ಅಡಿಯನ್ನು ಮೀನು ತೋಡಿದರೆ ಅದು ಉರುಳಿ ಗಾಜು ಒಡೆಯಬಹುದು. ತೊಳೆದ ನೀರು ತಿಳಿಯಾಗುವವರೆಗೆ ಮರಳನ್ನು ತೊಳೆದು, ಕೊನೆಯ ಸಲ ಆರ್‌ಒ ನೀರನ್ನು ಬಳಸಿರಿ. ಉಪ್ಪು ಬೆರೆಸುವುದಕ್ಕೂ ನಮ್ಮ ಕಡೆಯ ಕೊಳವೆಬಾವಿಯ ನೀರು ಬೇಡ. ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಾಣುವ ಕಂದು ಲೇಪಕ್ಕೆ ಅನೇಕ ಸಲ ಮರಳಿಗಿಂತ ನೀರಿನಲ್ಲಿರುವ ಸಿಲಿಕೇಟೇ ಕಾರಣವಾಗಿರುತ್ತದೆ.

ಪ್ರಶ್ನೆ: ನನ್ನ ತೊಟ್ಟಿಯಲ್ಲಿ ಮರಳು ನಾಲ್ಕು ಇಂಚಿನಷ್ಟಿದೆ. ಗಾಜಿನ ಬಳಿ ಕಪ್ಪು ತೇಪೆಗಳು ಕಾಣುತ್ತಿವೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಎಲ್ಲವನ್ನೂ ಕಲಕಿ ತೊಳೆಯಲೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ದಯವಿಟ್ಟು ಇನ್ನು ಕೆದಕಬೇಡಿರಿ. ಆಮ್ಲಜನಕ ತಲುಪದ ಆಳದಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೊಜನ್ ಸಲ್ಫೈಡನ್ನು ಉತ್ಪಾದಿಸುತ್ತವೆ, ವಾಸನೆ ಅದರದು. ತೇಪೆಯ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನಿಂದ ಬಂದದ್ದು. ಅಲುಗಿಸದಿದ್ದರೆ ಅದು ತಳದಲ್ಲಿಯೇ ಉಳಿಯುತ್ತದೆ. ಒಮ್ಮೆಲೇ ಕಲಕಿದರೆ ವಿಷವೂ ಕೊಳೆಯೂ ಮೇಲೆದ್ದು ರಾತ್ರಿಯೊಳಗೆ ಮೀನುಗಳು ಸಾಯಬಹುದು. ಬೇಸಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಪ್ರತಿ ಸಲ ನೀರು ಬದಲಿಸುವಾಗ ಕೈಯಗಲದಷ್ಟು ಜಾಗದ ಮರಳನ್ನು ಸೈಫನ್ ಕೊಳವೆಯಿಂದ ನೀರಿನ ಸಮೇತ ಹೊರಗೆಳೆಯಿರಿ, ತೆಗೆದುದನ್ನು ಮತ್ತೆ ಹಾಕಬೇಡಿರಿ. ಹಾಗೆ ಕೆಲವು ತಿಂಗಳುಗಳಲ್ಲಿ ದಪ್ಪವನ್ನು ಒಂದೂವರೆ ಇಂಚಿಗೆ ಇಳಿಸಿ, ಆಮೇಲೆ ನಾಸಾರಿಯಸ್ ಬಸವನಹುಳುಗಳನ್ನು ಬಿಟ್ಟರೆ ಮೇಲ್ಪದರವನ್ನು ಅವೇ ಸಡಿಲವಾಗಿಡುತ್ತವೆ.