ಒಂದು ಜೀವಕೋಶ, ಎರಡು ಕೋಶಕೇಂದ್ರ

ಪ್ರಶ್ನೆ: ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ಸಂಶೋಧನೆಗೆ ಜೀವವಿಜ್ಞಾನಿ ಡೇವಿಡ್ ಆಲಿಸ್ ಸಿಹಿನೀರಿನ ಟೆಟ್ರಾಹೈಮೆನಾವನ್ನೇ ಯಾಕೆ ಆರಿಸಿಕೊಂಡರು?

ಉತ್ತರ: ಆ ಏಕಕೋಶ ಜೀವಿಯಲ್ಲಿ ಎರಡು ಕೋಶಕೇಂದ್ರಗಳಿವೆ. ದೊಡ್ಡದರಲ್ಲಿ ಜೀನ್‌ಗಳು ಚುರುಕು. ಚಿಕ್ಕದು ಬೆಳವಣಿಗೆಯ ಹಂತದಲ್ಲಿ ಸುಮ್ಮನಿರುತ್ತದೆ. ದೊಡ್ಡದರ ಹಿಸ್ಟೋನ್‌ಗಳಲ್ಲಿ ಅಸಿಟೈಲ್ ಗುಂಪುಗಳು (ಪ್ರೋಟೀನಿಗೆ ಅಂಟುವ ಪುಟ್ಟ ರಾಸಾಯನಿಕ ತುಣುಕುಗಳು) ಧಾರಾಳ. ಆದ್ದರಿಂದ ಅವನ್ನು ಅಂಟಿಸುವ ಕಿಣ್ವವನ್ನು ಅಲ್ಲೇ ಹುಡುಕಿದರು. ನಿಜವಾದ ಜಾಣತನ ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿತ್ತು. ಜೆಲ್ ಹುಯ್ಯುವಾಗಲೇ ಹಿಸ್ಟೋನ್ ಬೆರೆಸಿ, ಪ್ರೋಟೀನ್‌ಗಳನ್ನು ಓಡಿಸಿ, ಪ್ರೋಟೀನ್‌ಗಳನ್ನು ಬಿಚ್ಚಿಡುವ ಮಾರ್ಜಕ ಎಸ್‌ಡಿಎಸ್ ತೊಳೆದು, ಅಸಿಟೈಲ್ ಒದಗಿಸುವ ವಿಕಿರಣಶೀಲ ಅಸಿಟೈಲ್ ಕೋ-ಎ ಹಾಕಿದರೆ ಕಿಣ್ವ ಕೂತ ಜಾಗ ಮಾತ್ರ ಫಿಲ್ಮಿನಲ್ಲಿ ಮೂಡುತ್ತದೆ. ಸಿಕ್ಕಿದ್ದು 55 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಪಟ್ಟಿ. 1996ರಲ್ಲಿ ಪ್ರಕಟವಾದಂತೆ ಅದು ಯೀಸ್ಟಿನ ಜಿಸಿಎನ್5 ಎಂಬ ಪ್ರೋಟೀನಿನ ಸಂಬಂಧಿ. ಜಿಸಿಎನ್5 ಜೀನ್‌ಗಳನ್ನು ಚಾಲೂ ಮಾಡಲು ನೆರವಾಗುತ್ತದೆ ಎಂಬುದು ಮೊದಲೇ ತಿಳಿದಿತ್ತು. ಹೇಗೆ ಎಂಬುದಷ್ಟೇ ಬಾಕಿಯಿತ್ತು; ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸಿ ಎಂಬ ಸುಳಿವು ಹೀಗೆ ಸಿಕ್ಕಿತು.

ಪ್ರಶ್ನೆ: ಚಿಪ್ (ಡಿಎನ್‌ಎಯ ಯಾವ ಜಾಗದಲ್ಲಿ ಯಾವ ಪ್ರೋಟೀನ್ ಕೂತಿದೆ ಎಂದು ನೋಡುವ) ಪ್ರಯೋಗಕ್ಕೆ ಜೀವಕೋಶಗಳನ್ನು 30 ನಿಮಿಷ ಫಾರ್ಮಾಲ್ಡಿಹೈಡ್‌ನಲ್ಲಿಟ್ಟೆವು. ಸೋನಿಕೇಟ್ ಮಾಡಿದರೂ (ಶಬ್ದತರಂಗದಿಂದ ಒಡೆದರೂ) ಡಿಎನ್‌ಎ ತುಂಡಾಗುತ್ತಿಲ್ಲ.

ಉತ್ತರ: ಫಾರ್ಮಾಲ್ಡಿಹೈಡ್ ಪ್ರೋಟೀನ್‌ಗಳನ್ನು ಡಿಎನ್‌ಎಗೆ ಬಂಧಿಸುತ್ತದೆ; 30 ನಿಮಿಷ ಅತಿಯಾಯಿತು. ಹಿಸ್ಟೋನ್ ಗುರುತುಗಳಿಗೆ (ಅಸಿಟೈಲ್‌ನಂಥವು) 1% ದ್ರಾವಣದಲ್ಲಿ, ಕೋಣೆಯ ಉಷ್ಣಾಂಶದಲ್ಲಿ 10 ನಿಮಿಷ ಸಾಕು. ಆಮೇಲೆ ಬಂಧಿಸುವಿಕೆ ನಿಲ್ಲಿಸಲು 125 ಮಿಲಿಮೋಲಾರ್ ಗ್ಲೈಸಿನ್ 5 ನಿಮಿಷ. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಸೋನಿಕೇಟರನ್ನು 30 ಸೆಕೆಂಡ್ ಓಡಿಸಿ, 30 ಸೆಕೆಂಡ್ ನಿಲ್ಲಿಸಿ. ನೊರೆ ಎದ್ದರೆ ಶಕ್ತಿ ದ್ರವಕ್ಕೆ ತಲುಪುವುದಿಲ್ಲ. ಸ್ವಲ್ಪ ಮಾದರಿಯನ್ನು 65 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಬಂಧ ಬಿಡಿಸಿ, ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ), ಪ್ರೋಟೀನೇಸ್ ಕೆ (ಪ್ರೋಟೀನ್ ಕತ್ತರಿಸುವ ಕಿಣ್ವ) ಹಾಕಿದ ನಂತರವೇ ಜೆಲ್‌ಗೆ ಹಾಕಿ. ಬಂಧ ಬಿಡಿಸದೆ ನೋಡಿದರೆ ತುಂಡಾದದ್ದೂ ದೊಡ್ಡದಾಗಿ ಕಂಡೀತು. ನಿಮ್ಮಲ್ಲೂ ಹಾಗೇ ಆಗಿರಬಹುದು. ತುಂಡುಗಳ ಉದ್ದದ ಗುರಿ 200ರಿಂದ 500 ಬೇಸ್ ಜೋಡಿ.