ಅಡಿಕೆ ಅಂಗಡಿಯ ಸಾಫ್ಟ್‌ವೇರ್, ಜಾಹೀರಾತಿಗೆ ಹತ್ತೇ ಸಾವಿರ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು ನಾನು. ಅಡಿಕೆ ಖರೀದಿಸುವ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇನೆ. ತೂಕ, ಅದರಿಂದ ಗೋಣಿಯ ತೂಕ ಕಳೆಯುವುದು, ಕೃಷಿಕರಿಗೆ ಕೊಟ್ಟ ಮುಂಗಡ ಎಲ್ಲ ಅದರಲ್ಲೇ ಬರುತ್ತದೆ. ವರ್ಷಕ್ಕೆ 3,000 ರೂಪಾಯಿ. ಒಂಬತ್ತು ಅಂಗಡಿಯವರು ತೆಗೆದುಕೊಂಡಿದ್ದಾರೆ, ಎಲ್ಲರೂ ಗುರುತಿನವರೇ. 6,000 ರೂ. ಕೊಟ್ಟು ಫೇಸ್‌ಬುಕ್ ಪೋಸ್ಟ್ ಬೂಸ್ಟ್ ಮಾಡಿದೆ. ಲೈಕ್ ತುಂಬಾ ಬಂತು, ಗಿರಾಕಿ ಒಬ್ಬರೂ ಬರಲಿಲ್ಲ. ಈಗ ಕೈಯಲ್ಲಿ 10,000 ಇದೆ. ಗೂಗಲ್‌ಗೆ ಹಾಕಲೇ?

ಉತ್ತರ: ಬೇಡ. ಈಗಂತೂ ಬೇಡ.

ಜನ ಹುಡುಕುವ ವಸ್ತುವಿಗೆ ಮಾತ್ರ ಗೂಗಲ್ ಜಾಹೀರಾತು ಕೆಲಸಕ್ಕೆ ಬರುತ್ತದೆ. 'ಅಡಿಕೆ ಅಂಗಡಿ ಸಾಫ್ಟ್‌ವೇರ್' ಅಂತ ಟೈಪ್ ಮಾಡುವವರು ಎಷ್ಟು ಜನ ಇದ್ದಾರು? ತೀರಾ ಕಡಿಮೆ ಜನ ಹುಡುಕುವ ಪದಕ್ಕೆ ಗೂಗಲ್ 'ಲೋ ಸರ್ಚ್ ವಾಲ್ಯೂಮ್' ಅಂತ ಹಣೆಪಟ್ಟಿ ಹಚ್ಚಿ ಜಾಹೀರಾತನ್ನೇ ನಿಲ್ಲಿಸಿಬಿಡುತ್ತದೆ. ಆಗ ನಿಮಗೆ ಬ್ರಾಡ್ ಮ್ಯಾಚ್, ಅಂದರೆ ಸಂಬಂಧಪಟ್ಟ ಬೇರೆ ಹುಡುಕಾಟಗಳಿಗೂ ಜಾಹೀರಾತು ತೋರಿಸುವ ಆಯ್ಕೆಯ ಕಡೆಗೆ ಮನಸ್ಸು ಹೋಗುತ್ತದೆ. ಅಲ್ಲಿ 'ಇವತ್ತಿನ ಅಡಿಕೆ ಧಾರಣೆ' ಹುಡುಕುವವರೆಲ್ಲ ಬಂದು ಒತ್ತುತ್ತಾರೆ. ಅವರು ಅಡಿಕೆ ಮಾರುವವರು, ನಿಮಗೆ ಬೇಕಾದ್ದು ಕೊಳ್ಳುವವರು. ನಾನೂ ಹೀಗೆ ಕೈ ಸುಟ್ಟುಕೊಂಡವನೇ. ರಬ್ಬರ್ ಶೀಟ್ ವ್ಯಾಪಾರಿಗಳ ಒಂದು ಪ್ರೋಗ್ರಾಂಗೆ ಜಾಹೀರಾತು ಹಾಕಿ, ವಾರ ಬಿಟ್ಟು, ಜನ ಏನು ಹುಡುಕಿ ಬಂದರು ಅಂತ ತೋರಿಸುವ ಸರ್ಚ್ ಟರ್ಮ್ಸ್ ಪಟ್ಟಿ ತೆರೆದು ನೋಡಿದರೆ ಅರ್ಧಕ್ಕರ್ಧ ರಬ್ಬರ್ ಸ್ಟ್ಯಾಂಪ್ ಮಾಡಿಸಲು ಹೊರಟವರು!

ನಿಮ್ಮ ಗಿರಾಕಿಗಳನ್ನು ಎಣಿಸಬಹುದು ಅನ್ನುವುದೇ ನಿಮ್ಮ ಲಾಭ. ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಕುಂಬಳೆ, ಕರ್ನಾಟಕದ ಗಡಿ ದಾಟಿದರೆ ಅಡ್ಯನಡ್ಕ, ವಿಟ್ಲ, ಪುತ್ತೂರು. ಇಲ್ಲಿನ ಅಡಿಕೆ ಅಂಗಡಿಗಳನ್ನು ಗೂಗಲ್ ಮ್ಯಾಪ್‌ನಲ್ಲಿ ಹುಡುಕಿ, ಹೆಸರು, ಊರು, ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆಯಿರಿ. ಎರಡು ಸಂಜೆಯ ಕೆಲಸ, ಖರ್ಚು ಸೊನ್ನೆ. 10,000 ವಾಪಸ್ ಬರಲು ನಾಲ್ಕು ಅಂಗಡಿ ಸಾಕು. ಲಕ್ಷ ಜನಕ್ಕೆ ತೋರಿಸಿ ಏನು ಮಾಡುತ್ತೀರಿ?

ಇನ್ನು ವಿಡಿಯೊ. ದುಡ್ಡಿಗಿಂತ ಸಮಯ ಇದಕ್ಕೆ ಜಾಸ್ತಿ ಕೊಡಿ. ನಿಮ್ಮ ಒಂಬತ್ತು ಗಿರಾಕಿಗಳಲ್ಲಿ ಒಬ್ಬರ ಅಂಗಡಿಗೆ, ಅವರ ಒಪ್ಪಿಗೆ ಕೇಳಿ, ಬೆಳಿಗ್ಗೆ ಹೋಗಿ. ಜೀಪಿನಿಂದ ಗೋಣಿ ಇಳಿಯುತ್ತದೆ. ತಕ್ಕಡಿ ಮೇಲೆ 64 ಕಿಲೋ. ಅಂಗಡಿಯವರು ಕಂಪ್ಯೂಟರ್‌ನಲ್ಲಿ ಅಡಿಕೆಯ ದರ್ಜೆ 'ಸಿಂಗಲ್ ಚೋಲ್' ಒತ್ತುತ್ತಾರೆ, ಗೋಣಿಯ ತೂಕ ತಾನೇ ಕಳೆಯುತ್ತದೆ. ಮುಂದಿನ ಗೋಣಿ 'ಪಟೋರ' ದರ್ಜೆಯದ್ದು. ಅದರ ದರ ಬೇರೆ. ಕೊನೆಗೆ ಚೌತಿಗೆ ಮುಂಚೆ ಕೊಟ್ಟ ಮುಂಗಡ ಕಳೆದು, ಕೈಗೆ ಕೊಡಬೇಕಾದ ಮೊತ್ತ ಕನ್ನಡದಲ್ಲಿ ಪ್ರಿಂಟ್ ಆಗಿ ಬರುತ್ತದೆ. ಇಷ್ಟೇ. ಒಂದೂವರೆ ನಿಮಿಷ. ಹಿನ್ನೆಲೆ ಸಂಗೀತ ಬೇಡ, ತಕ್ಕಡಿಯ ಸದ್ದು ಇರಲಿ. ಆ ಚೀಟಿ ಹೊರಬರುವ ದೃಶ್ಯವನ್ನೇ ಕತ್ತರಿಸಿ ಮೊದಲ ಐದು ಸೆಕೆಂಡಿಗೂ ಹಾಕಿ. ಕೃಷಿಕರ ಹೆಸರು, ಫೋನ್ ನಂಬರ್ ಮಾತ್ರ ಪರದೆಯಲ್ಲಿ ಕಾಣಬಾರದು. ಡೆಮೊಗೆ ಸುಳ್ಳು ಹೆಸರು ತುಂಬಿಸಿಕೊಳ್ಳಿ.

ಇದನ್ನು ಯೂಟ್ಯೂಬ್‌ನಲ್ಲಿ ಹಾಕಿ, ಕೊಂಡಿಯನ್ನು ಆ ಹಾಳೆಯಲ್ಲಿರುವವರಿಗೆ ಕಳಿಸಿ. ಮೊದಲು ಫೋನ್ ಮಾಡಿ, ಆಮೇಲೆ ವಾಟ್ಸ್ಆ್ಯಪ್. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಟ್ಟಿಗೆ ಕಳಿಸೋಣ ಅಂದರೆ ಆಗುವುದಿಲ್ಲ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ಧಾರಣೆ ಗ್ರೂಪ್‌ಗಳಿಗೆ ಹೋಗಿ ಸುಮ್ನೆ ಜಾಹೀರಾತು ಹಾಕಬೇಡಿ, ಅಡ್ಮಿನ್ ಹೊರಗೆ ಹಾಕುತ್ತಾರೆ. ಅವರು ಹಾಗೆ ಮಾಡುವುದೇ ಸರಿ.

ಜಾಹೀರಾತು ಹಾಕಲೇಬೇಕು ಅಂದರೆ 3,000 ಮೀರಬೇಡಿ. ಅದರಲ್ಲೂ 18% ಜಿಎಸ್‌ಟಿ ಹೋಗುತ್ತದೆ, ಲೆಕ್ಕ ಇರಲಿ. ಈ ಸಲ ಬೂಸ್ಟ್ ಗುಂಡಿ ಮುಟ್ಟದೆ ಫೇಸ್‌ಬುಕ್‌ನ ಆ್ಯಡ್ಸ್ ಮ್ಯಾನೇಜರ್ ತೆರೆಯಿರಿ. ನಮ್ಮ ಕಡೆಯವರಿಗೆ ಇಲ್ಲೊಂದು ಫಜೀತಿ ಇದೆ. ಜಾಗ 'ಕರ್ನಾಟಕ' ಅಂತ ಕೊಟ್ಟರೆ ನಿಮ್ಮ ಊರೇ ಬಿಟ್ಟುಹೋಗುತ್ತದೆ, 'ಕೇರಳ' ಅಂತ ಕೊಟ್ಟರೆ ದುಡ್ಡು ತಿರುವನಂತಪುರದವರೆಗೆ ಓಡುತ್ತದೆ. ರಾಜ್ಯದ ಹೆಸರೇ ಬೇಡ. ಪೆರ್ಲದಲ್ಲಿ ಪಿನ್ ಹಾಕಿ ಸುತ್ತ 40 ಕಿ.ಮೀ. ಕೊಡಿ, ಗಡಿಯ ಎರಡೂ ಕಡೆ ಬರುತ್ತದೆ. ಭಾಷೆಯಲ್ಲಿ ಕನ್ನಡ ಅಂತ ಗುರುತು ಹಾಕಬೇಡಿ. ನಮ್ಮಲ್ಲಿ ಮನೆಯ ಮಾತು ಕನ್ನಡವೋ ತುಳುವೋ ಇದ್ದರೂ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಅಲ್ವಾ? ಮೊದಲ ವಾರ ವಿಡಿಯೊ ಓಡಿಸಿ. ಆಮೇಲೆ ಅದನ್ನು ಮುಕ್ಕಾಲು ಭಾಗ ನೋಡಿದವರನ್ನು ಮಾತ್ರ ಆರಿಸಿ, ಅವರಿಗೆ 'ನಿಮ್ಮ ಅಂಗಡಿಗೆ ಬಂದು ತೋರಿಸುತ್ತೇನೆ' ಅನ್ನುವ ಎರಡನೇ ಜಾಹೀರಾತು ಹಾಕಿ. ಅಷ್ಟು ಹೊತ್ತು ಅಡಿಕೆ ತೂಕ ನೋಡಿ ಕೂತವರು ಸುಮ್ನೆ ನೋಡಿದವರಲ್ಲ.

ಇನ್ನೊಂದು ದಾರಿ ನೀವು ಯೋಚಿಸಿರಲಿಕ್ಕಿಲ್ಲ. ಈ ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುವ ಅಕೌಂಟೆಂಟ್‌ಗಳು. ಒಬ್ಬೊಬ್ಬರ ಕೈಯಲ್ಲಿ ಎಷ್ಟೋ ಅಂಗಡಿಗಳ ಲೆಕ್ಕ ಇರುತ್ತದೆ, ತಿಂಗಳ ಕೊನೆಗೆ ಚೀಟಿ ಕಟ್ಟು ಬಿಚ್ಚಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹೊಡೆಯುವ ಗೋಳು ಅವರದ್ದು. ನಿಮ್ಮ ಲೆಕ್ಕ ನೇರ ಟ್ಯಾಲಿಗೆ ಹೋಗುವ ಹಾಗೆ ಮಾಡಿ. ಟ್ಯಾಲಿ ಎಕ್ಸ್‌ಎಂಎಲ್ ಫೈಲ್ ತೆಗೆದುಕೊಳ್ಳುತ್ತದೆ, ಕಷ್ಟದ ಕೆಲಸ ಏನಲ್ಲ. ಅದಾದ ಮೇಲೆ ಅವರೇ ಅಂಗಡಿಯವರಿಗೆ ಹೇಳುತ್ತಾರೆ. ಫೆಬ್ರವರಿಯಲ್ಲಿ ಹೋಗಿ ಮಾತಾಡಿ. ಎಪ್ರಿಲ್ 1ಕ್ಕೆ ಹೊಸ ಲೆಕ್ಕ ಶುರು. ಪುಸ್ತಕ ಬದಲಿಸುವ ಮನಸ್ಸು ಬರುವುದು ಆಗಲೇ, ಆಟಿ ತಿಂಗಳ ಮಳೆಯಲ್ಲಿ ಅಲ್ಲ.

ಪ್ರಶ್ನೆ: ಕೇರಳ ಪಿಎಸ್‌ಸಿ ಪರೀಕ್ಷೆಗೆ ಕನ್ನಡದಲ್ಲಿ ತಯಾರಿ ಮಾಡುವವರಿಗೆ ಆ್ಯಪ್ ಮಾಡಿದ್ದೇನೆ. ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ ಅನ್ನುತ್ತಾರೆ. (ಉಪ್ಪಳದ ಓದುಗರು)

ಉತ್ತರ: ಆ್ಯಪ್‌ನ ಹೆಸರನ್ನು ನೀವು 'ಕೆಪಿಎಸ್‌ಸಿ ಕನ್ನಡ' ಅಂತ ಇಟ್ಟಿದ್ದೀರಿ. ಅದು ಕರ್ನಾಟಕ ಲೋಕಸೇವಾ ಆಯೋಗದ ಹೆಸರೂ ಹೌದು. ಹಾಗಾಗಿ ಆ ಕಡೆಯ ದೊಡ್ಡ ಆ್ಯಪ್‌ಗಳ ಅಡಿಯಲ್ಲಿ ನಿಮ್ಮದು ಹೂತುಹೋಗಿದೆ. ಹೆಸರಿಗೆ ಪ್ಲೇ ಸ್ಟೋರ್ ಕೊಡುವುದು 30 ಅಕ್ಷರ. ಅದರೊಳಗೆ 'ಕೇರಳ' ಅನ್ನುವ ಪದ ಪೂರ್ತಿ ಬರಲಿ. 80 ಅಕ್ಷರದ ಕಿರು ವಿವರಣೆಯಲ್ಲಿ ಕಾಸರಗೋಡು, ಎಲ್‌ಡಿ ಕ್ಲರ್ಕ್ (ಕೆಳದರ್ಜೆ ಗುಮಾಸ್ತ ಹುದ್ದೆ) ಇವೆರಡನ್ನೂ ಸೇರಿಸಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗೆ ಕನ್ನಡ ಲಿಪಿಯಲ್ಲಿ ಒಂದು ಪುಟ, ಇಂಗ್ಲಿಷ್‌ನಲ್ಲಿ ಒಂದು ಪುಟ, ಎರಡೂ ಮಾಡಿ. ಜಾಹೀರಾತಿನ ದುಡ್ಡನ್ನು ಅಧಿಸೂಚನೆ ಬರುವವರೆಗೆ ಮುಟ್ಟಬೇಡಿ. ಬಂದ ದಿನ ಹಾಕಿ, ಅರ್ಜಿಯ ಕೊನೆ ದಿನ ನಿಲ್ಲಿಸಿ.