429 ಕೋಟಿಯ ಆ ಸಂಖ್ಯೆ

ಪ್ರಶ್ನೆ: 4,29,49,67,297 ಅವಿಭಾಜ್ಯ ಸಂಖ್ಯೆಯೇ? 2, 3, 5, 7ರಿಂದ ಭಾಗಿಸಿ ನೋಡಿದೆ, ಶೇಷ ಉಳಿಯುತ್ತಲೇ ಇದೆ.

ಉತ್ತರ: ಅಲ್ಲ. ಆದರೆ ಹಾಗನ್ನಿಸೋದು ಸಹಜ. 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಕೂಡ ಅವಿಭಾಜ್ಯ ಅಂತಲೇ ನಂಬಿದ್ದರು. ಮೂವತ್ತೆರಡು 2ಗಳನ್ನು ಗುಣಿಸಿ 1 ಕೂಡಿಸಿದರೆ ಇದು ಬರುತ್ತದೆ, ಹೀಗೆಯೇ ಒಂದು, ಎರಡು, ನಾಲ್ಕು, ಎಂಟು, ಹದಿನಾರು 2ಗಳಿಂದ ಬರುವ, ಇದೇ ಸಾಲಿನಲ್ಲಿ ಇದಕ್ಕೂ ಮೊದಲಿನ 3, 5, 17, 257, 65,537 ಎಲ್ಲವೂ ಅವಿಭಾಜ್ಯವೇ, ಹಾಗಾಗಿ ಯಾರಿಗಾದರೂ ನಂಬಿಕೆ ಬರುತ್ತೆ ಅಲ್ವಾ? 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಒಡೆದರು: 641 × 67,00,417. ನೀವು ಸಿಕ್ಕಸಿಕ್ಕ ಸಂಖ್ಯೆಯಿಂದ ಸುಮ್ನೆ ಭಾಗಿಸಬೇಕಿಲ್ಲ. ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥವು ಕ್ರಮವಾಗಿ 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ! ನನಗಂತೂ ಉತ್ತರಕ್ಕಿಂತ ಈ ಜರಡಿಯೇ ಜಾಸ್ತಿ ಇಷ್ಟ.